ಬೆಟ್ಟದ ಸೈಕಲ್ಲಿನ ಫೋರ್ಕು ಮತ್ತು ಎಣ್ಣೆಯ ಆಯ್ಕೆ

ಕಾಯಕಕ್ಕೆ ನೆರವಾಗುವ ಸಲಕರಣೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೂ ಕಾಯಕದ ಒಂದು ಅಂಗವೇ ಆಗಿದೆ. ಈ ಮಾತನ್ನು ನಮ್ಮ ಭಾಗದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನೂ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಸೀರೆಗೆ ಕಲೆ ತಾಗದಂತೆ ಹನಿಹನಿಯಾಗಿ ಎಣ್ಣೆ ಬಿಡುವ ನೇಕಾರನೂ ಇದನ್ನು ಅನುಭವದಿಂದ ಅರಿತವರು. ಯಾವ ಯಂತ್ರಕ್ಕೆ ಯಾವ ಎಣ್ಣೆ ಎಂಬ ಈ ಹಳೆಯ ವಿವೇಕವನ್ನು ಒಂದು ಹೊಸ ಸಲಕರಣೆಗೆ ಅನ್ವಯಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಸ್ಪರ್ಧೆಗಳಿಗೆ ಅನೇಕ ಸವಾರರನ್ನು ಕೊಟ್ಟಿವೆಯೆಂಬುದು ಸುವಿದಿತ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರೈತ ಮತ್ತು ನೇಕಾರ ಕುಟುಂಬಗಳ ಮಕ್ಕಳೂ ಈ ಕ್ರೀಡೆಯತ್ತ ಒಲಿದಿದ್ದಾರೆ. ಇಲ್ಲಿ ರಸ್ತೆಯ ಓಟದೊಡನೆ ಗುಡ್ಡಗಾಡಿನ ಓಟವೂ ಸೇರಿಕೊಂಡಿದೆ. ಅಮೆರಿಕದ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ಈ ಕ್ರೀಡೆ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು. 2021ರಲ್ಲಿ ಇದರ ರಾಷ್ಟ್ರಮಟ್ಟದ ಸ್ಪರ್ಧೆ ನಮ್ಮ ನೆರೆಯ ಗದಗಿನಲ್ಲಿಯೇ ಜರುಗಿತು. ಇಂಥ ಸೈಕಲ್ಲುಗಳ ಬೆಲೆ ಅಲ್ಪವಲ್ಲ. ತಂದೆ ಕಬ್ಬಿನ ಬಿಲ್ಲಿನಿಂದಲೋ, ದಾನಿಗಳು ಸ್ವಸಂತೋಷದಿಂದಲೋ ಕೊಡಿಸಿದ ಸೈಕಲ್ಲು ಕೇವಲ ತಪ್ಪು ಎಣ್ಣೆಯ ದೆಸೆಯಿಂದ ಕೆಡುವುದಾದರೆ ಅದು ವಿಷಾದದ ಸಂಗತಿ.

ಫೋರ್ಕಿನ ರಚನೆ

ಸೈಕಲ್ಲಿನ ಮುಂಗಾಲಿಯನ್ನು ಹಿಡಿದಿರುವ ಎರಡು ಕಾಲುಗಳ ಅಂಗವೇ ಫೋರ್ಕು. ಬೆಟ್ಟದ ಸೈಕಲ್ಲಿನಲ್ಲಿ ಈ ಕಾಲುಗಳು ಒಂದರೊಳಗೊಂದು ಜಾರುವ ಕೊಳವೆಗಳಾಗಿರುತ್ತವೆ. ಒಂದು ಕಾಲಿನಲ್ಲಿ ಉಕ್ಕಿನ ಸ್ಪ್ರಿಂಗು ಅಥವಾ ಒತ್ತಿದ ಗಾಳಿ ಇದ್ದು, ಕಲ್ಲಿನ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದರೆ ಸ್ಪ್ರಿಂಗು ತಾಳಿಕೊಂಡ ಶಕ್ತಿಯನ್ನು ಹಾಗೆಯೇ ಮರಳಿ ಕೊಡುವುದರಿಂದ ಗಾಲಿ ಚೆಂಡಿನಂತೆ ಪುಟಿಯತೊಡಗುತ್ತದೆ. ಇದನ್ನು ತಡೆಯಲು ಮತ್ತೊಂದು ಕಾಲಿನಲ್ಲಿ ಡ್ಯಾಂಪರ್ ಎಂಬ ಭಾಗವಿದೆ. ಅಲ್ಲಿ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯುವಾಗ ಪುಟಿತದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಬಾಗಿಲು ದಡಾರನೆ ಬಡಿಯದಂತೆ ಮೇಲೆ ಜೋಡಿಸುವ ಸಾಧನದ ತತ್ತ್ವವೂ ಇದೇ.

ಹೀಗೆ ಫೋರ್ಕಿನಲ್ಲಿ ಎಣ್ಣೆಗೆ ಎರಡು ಬೇರೆಬೇರೆ ಕೆಲಸಗಳಿವೆ. ಡ್ಯಾಂಪರಿನೊಳಗಿನ ಎಣ್ಣೆ ವೇಗವನ್ನು ನಿಯಂತ್ರಿಸುತ್ತದೆ, ಅದು ತೆಳುವಾಗಿರಬೇಕು. ಹೊರಗಿನ ಕೊಳವೆಗಳ ತಳದಲ್ಲಿರುವ ಎಣ್ಣೆ ಜಾರುವ ಭಾಗಗಳನ್ನೂ ಸೀಲುಗಳನ್ನೂ ತೊಯ್ಯಿಸುತ್ತದೆ. ಅದು ತುಸು ದಪ್ಪವಾಗಿದ್ದು ಅಂಟಿ ನಿಲ್ಲಬೇಕು. ಒಂದೇ ಡಬ್ಬಿಯ ಎಣ್ಣೆಯನ್ನು ಎರಡೂ ಕಡೆ ಸುರಿಯುವುದು ಅನೇಕ ಫೋರ್ಕುಗಳಿಗೆ ಸಲ್ಲದು.

ಅಂಕಿಗಳ ಗೊಂದಲ

ಫೋರ್ಕಿನ ಎಣ್ಣೆಯ ಡಬ್ಬಿಗಳ ಮೇಲೆ 2.5, 5, 7.5, 10 ಎಂಬ ‘ವೇಟ್’ ಅಂಕಿಗಳಿರುತ್ತವೆ. ಇವು ತೂಕವನ್ನಲ್ಲ, ದಪ್ಪವನ್ನು ಸೂಚಿಸುತ್ತವೆ. ಆದರೆ ಈ ಅಂಕಿಗಳಿಗೆ ಎಲ್ಲ ಸಂಸ್ಥೆಗಳೂ ಒಪ್ಪಿ ನಡೆಯುವ ಒಂದೇ ಅಳತೆಯಿಲ್ಲ. ಒಂದು ಸಂಸ್ಥೆಯ 5 ಮತ್ತೊಂದರ 7.5ಕ್ಕೆ ಸಮನಾಗಿರಬಹುದು. ಆದುದರಿಂದ ಡಬ್ಬಿಯ ಮುಖವನ್ನು ನಂಬದೆ ಎಣ್ಣೆಯ ಸ್ನಿಗ್ಧತೆಯನ್ನು ನೋಡಬೇಕು. ಇದನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಂಟಿಸ್ಟೋಕ್ಸ್ ಮಾನದಲ್ಲಿ ಹೇಳುತ್ತಾರೆ. 20 ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು 1. ಡ್ಯಾಂಪರಿಗೆ ಬಳಸುವ 5 ವೇಟಿನ ಎಣ್ಣೆ 40 ಡಿಗ್ರಿಯಲ್ಲಿ ಸಾಮಾನ್ಯವಾಗಿ 15ರಿಂದ 22ರ ಆಸುಪಾಸಿನಲ್ಲಿದ್ದರೆ, ಮೋಟಾರು ಸೈಕಲ್ಲಿನ 20ಡಬ್ಲ್ಯು-40 ಎಂಜಿನ್ ಎಣ್ಣೆ 100ನ್ನೂ ಮೀರುತ್ತದೆ. ಇಂಥ ದಪ್ಪ ಎಣ್ಣೆಯನ್ನು ಡ್ಯಾಂಪರಿಗೆ ಹಾಕಿದರೆ ಫೋರ್ಕು ಒಮ್ಮೆ ಕುಸಿದದ್ದು ಮುಂದಿನ ಕಲ್ಲು ಬರುವಷ್ಟರಲ್ಲಿ ಮೇಲೇಳದು. ಸವಾರ ಮುಗ್ಗರಿಸುವ ಅಪಾಯವಿದೆ.

ಹವೆಯ ಪ್ರಭಾವವೂ ಗಮನಾರ್ಹ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ. ಚಳಿಗಾಲದ ಬೆಳಗು ಇದಕ್ಕಿಂತ ಬಹಳ ತಂಪು. ಸಾಮಾನ್ಯ ಖನಿಜ ಎಣ್ಣೆಯು 40 ಡಿಗ್ರಿಯಲ್ಲಿದ್ದುದಕ್ಕಿಂತ 20 ಡಿಗ್ರಿಯಲ್ಲಿ ಇಮ್ಮಡಿಗೂ ಹೆಚ್ಚು ದಪ್ಪವಾಗುತ್ತದೆ. ಈ ಏರಿಳಿತ ಎಷ್ಟು ಕಡಿಮೆಯೆಂಬುದನ್ನು ‘ಸ್ನಿಗ್ಧತಾ ಸೂಚ್ಯಂಕ’ ತಿಳಿಸುತ್ತದೆ. ಸೂಚ್ಯಂಕ ಹೆಚ್ಚಿದ್ದಷ್ಟೂ ಎಣ್ಣೆ ನಮ್ಮ ಹವೆಗೆ ಒಳ್ಳೆಯದು.

ಮನೆಯ ಎಣ್ಣೆಗಳು ಸಲ್ಲವು

ನಮ್ಮ ಎರೆಭೂಮಿಯ ಕುಸುಬಿ, ಅಗಸಿ ಎಣ್ಣೆಗಳು ಊಟಕ್ಕೆ ಶ್ರೇಷ್ಠವಾದರೂ ಫೋರ್ಕಿಗೆ ಯೋಗ್ಯವಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಅವು ಕ್ರಮೇಣ ಗಟ್ಟಿಯಾದ ಪೊರೆಯಾಗುತ್ತವೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಚಿಮಣಿ ಎಣ್ಣೆಯಿಂದ ತೊಳೆದು ಒರೆಸದೆ ಬಿಟ್ಟರೆ ಹೊಸ ಎಣ್ಣೆ ತೆಳುವಾಗುತ್ತದೆ. ಬ್ರೇಕಿಗೆ ಬಳಸುವ ಡಾಟ್ ದ್ರವವಂತೂ ಸಾಮಾನ್ಯ ರಬ್ಬರ್ ಸೀಲನ್ನು ಉಬ್ಬಿಸಿ ಕೆಡಿಸುತ್ತದೆ. ಸೀಲು ಕೆಟ್ಟರೆ ಧೂಳು ಒಳಹೊಕ್ಕು ಕೊಳವೆಯ ನುಣುಪಾದ ಲೇಪವನ್ನು ಸವೆಸುತ್ತದೆ. ಆ ಸವೆತಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

ಆಯ್ಕೆಯ ಕ್ರಮ

ಮೊದಲು ಫೋರ್ಕಿನ ಸಂಸ್ಥೆ, ಮಾದರಿ ಮತ್ತು ವರ್ಷವನ್ನು ಗುರುತಿಸಿ, ಸಂಸ್ಥೆಯ ಕೈಪಿಡಿಯಲ್ಲಿ ಸೂಚಿಸಿದ ಎಣ್ಣೆ ಮತ್ತು ಅಳತೆಯನ್ನು ಬರೆದುಕೊಳ್ಳಬೇಕು. ಆ ಎಣ್ಣೆ ದೊರೆಯದಿದ್ದರೆ ಸೆಂಟಿಸ್ಟೋಕ್ಸಿನಲ್ಲಿ ಅದಕ್ಕೆ ಸಮೀಪವಾದ ಫೋರ್ಕ್ ಎಣ್ಣೆಯನ್ನು ಆರಿಸಬೇಕು. ಪುಟಿತವನ್ನು ಹೊಂದಿಸುವ ಗುಬುಟು ಇದ್ದರೆ ಎಣ್ಣೆಯನ್ನು ಬದಲಿಸದೆ ಅದನ್ನೇ ತಿರುಗಿಸಿ ನೋಡಬೇಕು. ಗುಬುಟು ಇಲ್ಲದ ಫೋರ್ಕಿನಲ್ಲಿ ಮಾತ್ರ, ಹಗುರ ಮೈಯ ಬಾಲಕ ಬಾಲಕಿಯರಿಗೆ ಒಂದು ಮೆಟ್ಟಿಲು ತೆಳುವಾದ ಎಣ್ಣೆ ಹಿತವಾಗಬಹುದು. ಕೊಳವೆಗಳ ತಳಕ್ಕೆ ಬೇಕಾಗುವುದು ಕೆಲವೇ ಮಿಲಿಲೀಟರು. ಅಂದಾಜಿನಿಂದ ಸುರಿಯದೆ ಸಿರಿಂಜಿನಿಂದ ಅಳೆದು ಹಾಕತಕ್ಕದ್ದು. ಗಾಳಿಯ ಫೋರ್ಕನ್ನು ಬಿಚ್ಚುವ ಮುನ್ನ ಗಾಳಿಯನ್ನು ಪೂರ್ಣವಾಗಿ ಬಿಡುವುದು ಕಡ್ಡಾಯ. ಇಲ್ಲವಾದರೆ ಭಾಗಗಳು ಸಿಡಿದು ಗಾಯವಾದೀತು.

ಇನ್ನೊಂದು ಮಾತು. ಕಡಿಮೆ ಬೆಲೆಯ ಅನೇಕ ಸೈಕಲ್ಲುಗಳ ಫೋರ್ಕಿನಲ್ಲಿ ಸ್ಪ್ರಿಂಗು ಮತ್ತು ಗ್ರೀಸು ಮಾತ್ರ ಇದ್ದು, ಎಣ್ಣೆಯ ಡ್ಯಾಂಪರೇ ಇರುವುದಿಲ್ಲ. ಅಂಥದಕ್ಕೆ ಎಣ್ಣೆ ಸುರಿಯುವುದು ವ್ಯರ್ಥ. ಹಳೆಯ ಗ್ರೀಸನ್ನು ಒರೆಸಿ ಹೊಸದನ್ನು ಸವರಿದರೆ ಸಾಕು.

ಹಲವು ಫೋರ್ಕುಗಳಿಗೆ ತಳದ ಎಣ್ಣೆಯನ್ನು 50 ಗಂಟೆಗಳ ಸವಾರಿಗೊಮ್ಮೆ ಬದಲಿಸಲು ಸೂಚನೆಯಿರುತ್ತದೆ. ಕಬ್ಬಿನ ಬಂಡಿಗಳು ಎಬ್ಬಿಸುವ ಧೂಳಿನಲ್ಲಿಯೂ ಮಳೆಗಾಲದ ಎರೆಮಣ್ಣಿನಲ್ಲಿಯೂ ಓಡುವ ಸೈಕಲ್ಲಿಗೆ ಇನ್ನೂ ಬೇಗನೆ ಮಾಡುವುದು ಲೇಸು. ಹೊರಬಂದ ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆಯೆಂದೂ, ಬೆಳ್ಳಿಯಂತೆ ಮಿನುಗಿದರೆ ಲೋಹ ಸವೆಯುತ್ತಿದೆಯೆಂದೂ ತಿಳಿಯಬೇಕು. ಹಳೆಯ ಎಣ್ಣೆಯನ್ನು ಹೊಲಕ್ಕಾಗಲಿ, ಕೃಷ್ಣಾ ಘಟಪ್ರಭೆಯರನ್ನು ಸೇರುವ ಹಳ್ಳಕ್ಕಾಗಲಿ ಚೆಲ್ಲದೆ, ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ಸೈಕಲ್ಲನ್ನು ದಾನವಾಗಿ ಕೊಡುವ ಉದಾರಿಗಳು ಅದರೊಡನೆ ಗಾಳಿಯ ಪಂಪು, ಸಿರಿಂಜು, ತಕ್ಕ ಎಣ್ಣೆಯ ಒಂದು ಡಬ್ಬಿ ಮತ್ತು ಕೈಪಿಡಿಯನ್ನೂ ಕೊಟ್ಟರೆ ದಾನವು ಪೂರ್ಣವಾದೀತು. ಶಿಕ್ಷಕರು ಸ್ನಿಗ್ಧತೆಯ ಪಾಠವನ್ನು ಕರಿಹಲಗೆಯ ಮೇಲಷ್ಟೇ ಅಲ್ಲದೆ ಬಿಚ್ಚಿಟ್ಟ ಫೋರ್ಕಿನ ಮುಂದೆಯೂ ಹೇಳಿದರೆ, ಸವಾರಿಯ ಜಾಣ್ಮೆಯೊಡನೆ ಸಲಕರಣೆಯ ಅರಿವೂ ಮಕ್ಕಳಲ್ಲಿ ಬೆಳೆದೀತು.