ಚಿನ್ನ ಇಳಿದ ಜಾಗಕ್ಕೆ ಗಂಧಕದ ಸಾಕ್ಷಿ

ಪ್ರಶ್ನೆ: ಚಿನ್ನದ ಅದಿರನ್ನು ಅಭ್ಯಾಸ ಮಾಡುವವರು ಗಂಧಕದ ಐಸೊಟೋಪ್‌ಗಳನ್ನು ಏಕೆ ಅಳೆಯುತ್ತಾರೆ?

ಉತ್ತರ: ಎಷ್ಟೋ ಗಣಿಗಳಲ್ಲಿ ಚಿನ್ನವನ್ನು ಹೊತ್ತು ತಂದದ್ದೇ ಗಂಧಕ. ನೆಲದಾಳದ ಬಿಸಿನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಚಿನ್ನ ಅದರೊಂದಿಗೆ ಬೆಸೆದುಕೊಂಡು ಕರಗಿ ಸಾಗುತ್ತದೆ. ಬಂಡೆ ಬಿರಿದು ಒತ್ತಡ ತಟ್ಟನೆ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ನೀರು ಕುದಿದು ಆ ಅನಿಲ ಹೊರಟುಹೋಗುತ್ತದೆ. ಆಸರೆ ತಪ್ಪಿದ ಚಿನ್ನ ಅಲ್ಲೇ ಇಳಿಯುತ್ತದೆ. ಇದು ಬರೀ ಊಹೆಯಲ್ಲ. ನ್ಯೂಜಿಲೆಂಡಿನ ಒಹಾಕಿ ಭೂಶಾಖ ಬಾವಿಗಳಲ್ಲಿ, ಒತ್ತಡ ಇಳಿಯುವ ಲೋಹದ ತಟ್ಟೆಗಳ ಮೇಲೆ ಚಿನ್ನ ಬೆರೆತ ಕಿಟ್ಟ ಕಟ್ಟಿದ್ದು 1980ರ ದಶಕದಲ್ಲೇ ಕಂಡುಬಂತು. ಗಣಿ ಹುಟ್ಟುವ ಬಗೆಯನ್ನು ಇದಕ್ಕಿಂತ ಹತ್ತಿರದಿಂದ ನೋಡುವುದು ಕಷ್ಟ.

ಇನ್ನು ಐಸೊಟೋಪ್, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಗಂಧಕದಲ್ಲಿ ಶೇ. 95ರಷ್ಟು ಗಂಧಕ-32, ಶೇ. 4ರಷ್ಟು ಭಾರವಾದ ಗಂಧಕ-34. ಕುದಿತದಿಂದ ದ್ರವ ಉತ್ಕರ್ಷಣಗೊಂಡರೆ ಭಾರದ ಗಂಧಕ ಸಲ್ಫೇಟಿನ ಕಡೆ ವಾಲುತ್ತದೆ. ಆಗ ಬೆಳೆಯುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಹಗುರ ಗಂಧಕವೇ ಹೆಚ್ಚು ಸಿಗುತ್ತದೆ. ಪಪುವಾ ನ್ಯೂಗಿನಿಯ ಪೊರ್ಗೆರಾ ಗಣಿಯಲ್ಲಿ ಒಂದೇ ಪೈರೈಟ್ ಹರಳಿನೊಳಗೆ, ಗಂಧಕ ಹಗುರವಾದ ಪದರದಲ್ಲೇ ಚಿನ್ನ ಹೆಚ್ಚಿರುವುದು ಕಂಡಿದೆ. ಆದರೆ ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳೂ ಹಗುರ ಗಂಧಕವನ್ನು ಕೊಡುತ್ತವೆ. ಹಾಗಾಗಿ ಬಂಡೆಯಲ್ಲಿ ಕುದಿತದ ಬೇರೆ ಗುರುತುಗಳನ್ನೂ ಹುಡುಕಲೇಬೇಕು.