ದೂರದ ಕೈಗಳು, ಒಂದೇ ಗುರಿ

ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಚಾವಡಿಯಲ್ಲಿ ಮಗನೋ ಸೊಸೆಯೋ ಕಂಪ್ಯೂಟರಿನ ಮುಂದೆ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ನೋಟ ಕಾಸರಗೋಡಿನ ನಮ್ಮ ಮನೆಗಳಲ್ಲಿ ಈಗ ಅಪರೂಪವಲ್ಲ. ತಿಂಗಳು ತಿಂಗಳು ಸಂಬಳ ಬರುತ್ತದೆ. ಆದರೆ "ನಿನ್ನ ಕೆಲಸದಿಂದ ಯಾರಿಗೆ ಏನು ಒದಗುತ್ತದೆ ಮಗೂ?" ಎಂದು ಹಿರಿಯರು ಕೇಳಿದರೆ ಉತ್ತರ ತಡವರಿಸುವುದುಂಟು. ದೂರ ದೂರ ಕುಳಿತು ದುಡಿಯುವವರನ್ನು ಒಂದೇ ಗುರಿಗೆ ಕೂಡಿಸುವುದು ಹೇಗೆ? ಉತ್ತರವನ್ನು ನಾವು ಅಂಗಳದ ಅಡಿಕೆಯಲ್ಲಿಯೇ ಅರಸಬಹುದು.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಒಂದುಗೂಡಿ 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಬದಿಯಡ್ಕದ ಖರೀದಿ ಕೇಂದ್ರದಲ್ಲಿ ಕೇಳಿಬರುವ ಮಾತು ಕನ್ನಡ, ತುಳು, ಮಲಯಾಳ. ಅಡಿಕೆ ಹೋಗಿ ಸೇರುವ ಉತ್ತರದ ಪೇಟೆಗಳಲ್ಲಿ ಹಿಂದಿ. ಇಲ್ಲಿ ತೂಗುವವನೂ ಅಲ್ಲಿ ಮಾರುವವನೂ ಒಬ್ಬರ ಮುಖವನ್ನೊಬ್ಬರು ಕಾಣದಿರಬಹುದು. ಆದರೆ ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗಬೇಕೆಂಬ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುವಂಥದು.

ಗುರಿ ಮಾತಿನಲ್ಲಿದ್ದರೆ ಸಾಲದು, ಅಳತೆಯಲ್ಲಿಯೂ ಕಾಣಬೇಕು. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕೋಕ ಎಂದು ಅಡಿಕೆಯನ್ನು ವಿಂಗಡಿಸುವುದು ಅದಕ್ಕಾಗಿಯೇ. ಖರೀದಿ ಮಾಡುವವನು ದಾಕ್ಷಿಣ್ಯಕ್ಕೆ ಸಿಕ್ಕಿ ಕೋಕವನ್ನು ಒಳ್ಳೆಯ ಅಡಿಕೆಯ ಲೆಕ್ಕಕ್ಕೆ ಸೇರಿಸಿದನೆನ್ನೋಣ. ದೂರದ ಪೇಟೆಯಲ್ಲಿ ಚೀಲ ಬಿಚ್ಚಿದಾಗ ನಂಬಿಕೆ ಕೆಡುತ್ತದೆ. ಮರುಸಲ ಬೆಲೆ ಇಳಿಯುತ್ತದೆ. ಪೆಟ್ಟು ಬೀಳುವುದು ಬೆಳೆಗಾರನಿಗೇ. ಮಾರುವವನು ಚೀಲಗಳ ಸಂಖ್ಯೆಯನ್ನಷ್ಟೇ ನೋಡಿ ಅಗ್ಗಕ್ಕೆ ಬಿಟ್ಟುಕೊಟ್ಟರೂ ಫಲ ಅದೇ. ಒಬ್ಬೊಬ್ಬರ ಲೆಕ್ಕವೂ ಸರಿಯಾಗಿ ಕಂಡು, ಒಟ್ಟು ಕೆಲಸ ಕೆಟ್ಟುಹೋಗುವ ಬಗೆ ಇದು.

1980ರ ಸುಮಾರಿಗೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕೈಚೆಲ್ಲಿ ಕುಳಿತಾಗ ಕ್ಯಾಂಪ್ಕೋ ಅದರ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಕೆಲಸ ಬೇರೆಯಾಯಿತು, ಗುರಿ ಬೇರೆಯಾಗಲಿಲ್ಲ.

ಕಂಪನಿ ನಡೆಸುವವರು ಇದರಿಂದ ಮೂರು ಸಂಗತಿಗಳನ್ನು ಕಲಿಯಬಹುದೆಂದು ನಮಗೆ ತೋರುತ್ತದೆ. ಗುರಿಯನ್ನು ಕಟ್ಟಕಡೆಯವನೂ ತನ್ನ ದಿನದ ಕೆಲಸಕ್ಕೆ ಹಿಡಿದು ನೋಡಬಲ್ಲಂತೆ ಒಂದೇ ಮಾತಿನಲ್ಲಿ ಹೇಳಬೇಕು. ಎಲ್ಲ ಊರಿಗೂ ಒಂದೇ ಅಳತೆಯಿರಬೇಕು. ಮೇಲಿನಿಂದ ಆಜ್ಞೆ ಇಳಿದುಬರುವಷ್ಟೇ ಸಲೀಸಾಗಿ ಕೆಳಗಿನಿಂದ ಸಂಗತಿ ಮೇಲೇರಬೇಕು. ತೋಟದಲ್ಲಿ ಕೊಳೆರೋಗ ಬಂದುದು ಕಚೇರಿಗೆ ತಿಳಿಯದಿದ್ದರೆ ಅದು ಹಾಕಿದ ಲೆಕ್ಕಕ್ಕೆ ಬೆಲೆಯೇನು? ಇಂದು ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ಸಾಧನಗಳಿವೆ, ನಿಜ. ಆದರೆ ಸುದ್ದಿ ಮುಟ್ಟುವುದು ಬೇರೆ, ಮನಸ್ಸು ಕೂಡುವುದು ಬೇರೆ.

ಚಾವಡಿಯಲ್ಲಿ ಕುಳಿತು ದುಡಿಯುವ ನಮ್ಮ ಮಕ್ಕಳಿಗೊಂದು ಮಾತು: ನಿಮ್ಮ ಕೆಲಸ ಕೊನೆಗೆ ಯಾರ ಕೈ ಸೇರುತ್ತದೆಂದು ಮೇಲಧಿಕಾರಿಯನ್ನು ಸಂಕೋಚಪಡದೆ ಕೇಳಿರಿ. ಉತ್ತರ ದೊರೆತ ದಿನ ಹಿರಿಯರಿಗೂ ಅದನ್ನು ಹೇಳಿರಿ.