ಅಂದಾಜನ್ನು ಮೀರಿದ ದುರಸ್ತಿಯ ಬಿಲ್ಲು

ಭಾಲ್ಕಿಯ ಕಬ್ಬಿನ ರೈತನೊಬ್ಬನು 6,000 ರೂಪಾಯಿಯ ಅಂದಾಜಿಗೆ ಒಪ್ಪಿ, ಕೆಟ್ಟ ಪಂಪನ್ನು ದುರಸ್ತಿಗೆ ಕೊಟ್ಟನೆಂದು ಇಟ್ಟುಕೊಳ್ಳಬಹುದು. ನಾಲ್ಕನೆಯ ದಿನ ಬಿಲ್ಲು 11,000ಕ್ಕೆ ಏರಿರುತ್ತದೆ. ಹೊಲದಲ್ಲಿ ಬೆಳೆಯು ಬಾಡುತ್ತಿರುತ್ತದೆ. ಬಿಚ್ಚಿದ ಮೇಲೆ ಹೊಸ ದೋಷವು ಕಂಡುಬರುವುದುಂಟು, ನಿಜ. ಆದರೆ ಅದನ್ನು ಸರಿಪಡಿಸುವ ಮುನ್ನ ಒಡೆಯನನ್ನು ಕೇಳುವುದು ನ್ಯಾಯ.

ಆಗ ಜಗಳವಾಡಿ ಪಂಪನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ರೈತನಿಗೆ ಲಾಭಕರವಲ್ಲ. 1872ನೆಯ ಇಸವಿಯ ಕರಾರು ಕಾಯಿದೆಯ ಮೇರೆಗೆ, ಕೆಲಸ ಮುಗಿಸಿದ ಕುಶಲಕರ್ಮಿಯು ತನಗೆ ಸಲ್ಲತಕ್ಕ ಕೂಲಿ ಬರುವವರೆಗೆ ವಸ್ತುವನ್ನು ತಡೆದಿಡಬಹುದು. ಒಪ್ಪಿಗೆಯಿಲ್ಲದೆ ಸೇರಿಸಿದ ಹಣವು ಸಲ್ಲತಕ್ಕದ್ದೇ ಎಂಬುದು ಬೇರೆ ಪ್ರಶ್ನೆ. ಅದು ತೀರ್ಮಾನವಾಗುವವರೆಗೆ ಕಬ್ಬು ಕಾದಿರದು. ಆದುದರಿಂದ ‘ಆಕ್ಷೇಪಣೆಯೊಡನೆ ಕೊಟ್ಟಿದೆ’ ಎಂದು ಬಿಲ್ಲಿನ ಮೇಲೆಯೇ ಬರೆದು, ಹಣ ತೆತ್ತು, ರಸೀದಿ ಪಡೆದು ಪಂಪನ್ನು ತರುವುದು ಲೇಸು. ಬದಲಾಯಿಸಿದ ಹಳೆಯ ಭಾಗಗಳನ್ನೂ ಕೇಳಿ ತರತಕ್ಕದ್ದು; ಅವುಗಳಿಗಿಂತ ಬಲವಾದ ಸಾಕ್ಷ್ಯ ದೊರೆಯುವುದು ವಿರಳ.

ಬಳಿಕ ಭಾಲ್ಕಿ ಅಥವಾ ಔರಾದಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಹಾಗಾದ ತೀರ್ಪಿನ ಮೇಲೆ ಅಪೀಲಿಲ್ಲ. ರಾಜಿಯು ಕೂಡದಿದ್ದಲ್ಲಿ ಬೀದರ ನಗರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವುಂಟು. 2019ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ದೂರು ಕೊಡತಕ್ಕದ್ದು. ತೆತ್ತ ಹಣವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ; ವಕೀಲರನ್ನು ನೇಮಿಸಲೇಬೇಕೆಂಬ ಕಟ್ಟೂ ಇಲ್ಲ. ದುರಸ್ತಿಯ ಅಂಗಡಿಯು ಗಡಿಯಾಚೆ ಮಹಾರಾಷ್ಟ್ರದ ಉದಗೀರಿನಲ್ಲಿದ್ದರೂ, ಔರಾದಿನಲ್ಲಿ ವಾಸಿಸುವ ರೈತನು ಬೀದರಿನಲ್ಲಿಯೇ ದೂರು ಸಲ್ಲಿಸಬಹುದು.